ಎರಡು ವಿತ್, ಒಂದು ವಿತೌಟ್

ಮಡಿಕೇರಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ ಹತ್ತಿದರೆ ನಾನು ಕಾಫಿ ಕುಡಿಯುವ ಸಣ್ಣ ಅಂಗಡಿ ಸಿಗುತ್ತದೆ. ಅಲ್ಲಿ ಸಕ್ಕರೆ ಇಲ್ಲದ ಕಾಫಿ ಅಂತ ಯಾರೂ ಕೇಳುವುದಿಲ್ಲ. 'ಒಂದು ವಿತೌಟ್' ಅಂದರೆ ಮುಗಿಯಿತು. ಮೊನ್ನೆ ಮಳೆಗೆ ಸಿಕ್ಕಿ, ಕೊಡೆ ಇದ್ದೂ ಮೊಣಕಾಲಿನವರೆಗೆ ನೆನೆದು, ನಾವು ಮೂವರು ಗೆಳತಿಯರು ಒಳಗೆ ನುಗ್ಗಿದೆವು. ಹುಡುಗ ನಮ್ಮ ಮುಖ ನೋಡಿಯೇ ಒಳಗೆ ಕೂಗಿದ: "ಎರಡು ವಿತ್, ಒಂದು ವಿತೌಟ್!" ವಿತೌಟ್ ನನಗೆ. ಶುಗರ್ ಬಂದು ಮೂರು ವರ್ಷ ಆಯಿತು.

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಪ್ರಿಪೊಸಿಷನ್ ಅಂದರೆ ಅದರ ಬೆನ್ನಿಗೆ ಒಂದು ನಾಮಪದ ಇರಲೇಬೇಕು ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈ ಹುಡುಗ ಆ ನಾಮಪದವನ್ನೇ ಕಿತ್ತು ಎಸೆದಿದ್ದಾನೆ. ಅಷ್ಟೇ ಅಲ್ಲ, ವಿತೌಟ್ ಅನ್ನುವುದನ್ನೇ ನಾಮಪದ ಮಾಡಿ ಅದಕ್ಕೆ ನಮ್ಮ ವಿಭಕ್ತಿಯನ್ನೂ ಹಚ್ಚುತ್ತಾನೆ. 'ವಿತೌಟಿಗೆ ಹಾಲು ಜಾಸ್ತಿ ಹಾಕು.' 'ಆ ಟೇಬಲ್ಲಿನ ವಿತೌಟನ್ನ ಈ ಕಡೆ ಕೊಡು.' ಟಿಕೆಟ್ ಇಲ್ಲದೆ ರೈಲು ಹತ್ತಿದವನಿಗೂ ನಮ್ಮಲ್ಲಿ ವಿತೌಟ್ ಅಂತಲೇ ಹೆಸರು. ಕೊಡಗಿನಲ್ಲಿ ರೈಲೇ ಇಲ್ಲ. ಇಡೀ ಜಿಲ್ಲೆಯಲ್ಲಿ ಒಂದು ಹಳಿ ಇಲ್ಲ. ಆದರೂ ರೈಲಿನ ವಿತೌಟ್ ನಮಗೆ ಗೊತ್ತು!

ಅವತ್ತು ಮನೆಗೆ ಬಂದ ಮೇಲೂ ಆ ಕೂಗು ತಲೆಯಲ್ಲಿ ತಿರುಗುತ್ತಲೇ ಇತ್ತು. ವಿತ್ ಅಂದರೇನು? ಜೊತೆ. ಡಿಕ್ಷನರಿಯಲ್ಲೂ ಅದೇ ಮೊದಲು ಇರುತ್ತದೆ. ನಾನೂ ಅದನ್ನೇ ಹೇಳಿಕೊಟ್ಟಿದ್ದೆ. ಈಗ ರಿಟೈರ್ ಆದ ಮೇಲೆ ಸಂಜೆ ಆರೇಳು ಮಕ್ಕಳು ಮನೆಗೆ ಟ್ಯೂಷನ್ನಿಗೆ ಬರುತ್ತಾರೆ. ಇಂಗ್ಲಿಷ್ ಅಂತ ಬರುತ್ತಾರೆ, ಅವಲಕ್ಕಿ ತಿಂದು ಹೋಗುತ್ತಾರೆ. ಆ ಮಕ್ಕಳ ಕೈಯಲ್ಲಿ ನನ್ನ 'ಜೊತೆ' ಚೂರು ಚೂರಾಗಿದೆ.

ಮೊದಲು ಕೆಡವಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ. ಅವನ ಅಜ್ಜ ಮಿಲಿಟರಿಯಿಂದ ಬಂದವರು. ಕೊಡಗಿನಲ್ಲಿ ಅದೇನು ದೊಡ್ಡ ವಿಷಯ ಅಲ್ಲ ಬಿಡಿ, ಎರಡು ಮನೆಗೊಬ್ಬರು ಸಿಗುತ್ತಾರೆ. ಶಾಲೆಯಿಂದ ಇವರನ್ನು ಜನರಲ್ ತಿಮ್ಮಯ್ಯನವರ ಮನೆಗೆ ಕರೆದುಕೊಂಡು ಹೋಗಿದ್ದರಂತೆ. ಮಡಿಕೇರಿಯ ಸನ್ನಿ ಸೈಡ್, 2021ರಲ್ಲಿ ಮ್ಯೂಸಿಯಂ ಆಯಿತಲ್ಲ, ಅದು. ಬಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕಿತ್ತು. ಹುಡುಗ ಬರೆದದ್ದು: 'ಜನರಲ್ ತಿಮ್ಮಯ್ಯ ಫಾಟ್ ವಿತ್ ದ ಜಪಾನೀಸ್ ಇನ್ ಬರ್ಮಾ. ಹಿ ಫಾಟ್ ವಿತ್ ದ ಹೈದರಾಬಾದ್ ರೆಜಿಮೆಂಟ್.'

ಎರಡೂ ವಾಕ್ಯ ಸರಿ. ವಿಷಯವೂ ಸರಿ. ತಿಮ್ಮಯ್ಯ ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಡೆ ಜಪಾನೀಯರ ಮೇಲೆ ಕಾದಾಡಿದರು, 19ನೇ ಹೈದರಾಬಾದ್ ರೆಜಿಮೆಂಟಿನ ಒಂದು ಬೆಟಾಲಿಯನ್ ಅವರ ಕೈಯಲ್ಲಿತ್ತು. ಅದೇ ರೆಜಿಮೆಂಟಿಗೆ ಮುಂದೆ ಕುಮಾವೂನ್ ಅಂತ ಹೆಸರಾಯಿತು. ನಾನು ಕೆಂಪು ಪೆನ್ನು ಹಿಡಿದು ಕೂತೆ. ತಿದ್ದಲು ಏನೂ ಇರಲಿಲ್ಲ. ಪಕ್ಕದಲ್ಲಿ ಕೂತ ಹುಡುಗಿ ಎರಡನ್ನೂ ಓದಿ ಕೇಳಿದಳು: "ಮಿಸ್, ಜಪಾನಿನವರ ಜೊತೆಗೂ ಫೈಟ್ ಮಾಡಿದ್ರು, ನಮ್ಮವರ ಜೊತೆಗೂ ಫೈಟ್ ಮಾಡಿದ್ರಾ?"

ನಗು ಬಂತು. ಆಮೇಲೆ ಕನ್ನಡದಲ್ಲಿ ಹೇಳಿ ನೋಡಿದೆ. 'ರಾಮ ರಾವಣನ ಜೊತೆ ಯುದ್ಧ ಮಾಡಿದ.' ಇದರಲ್ಲಿ ಯಾರಿಗೂ ಗೊಂದಲ ಇಲ್ಲ. 'ರಾಮ ಕಪಿಗಳ ಜೊತೆ ಯುದ್ಧ ಮಾಡಿದ.' ಇಲ್ಲಿ ಬಾಯಿ ತಡೆಯುತ್ತದೆ. ಕಥೆ ಗೊತ್ತಿಲ್ಲದವನಿಗೆ ರಾಮ ಕಪಿಗಳನ್ನೇ ಹೊಡೆದ ಹಾಗೆ ಕೇಳುತ್ತದೆ. ಆಗ ನಾವು ಏನು ಮಾಡುತ್ತೇವೆ? ಒಂದು 'ಸೇರಿ' ಹಾಕುತ್ತೇವೆ. ಕಪಿಗಳ ಜೊತೆ ಸೇರಿ ಯುದ್ಧ ಮಾಡಿದ. ಆ ಹುಡುಗಿಗೂ ಅದನ್ನೇ ಹೇಳಿದೆ. ಒಂದು ವಿತ್‌ಗೆ 'ಮೇಲೆ', ಇನ್ನೊಂದಕ್ಕೆ 'ಜೊತೆ ಸೇರಿ'. ಅವಳು ತಲೆಯಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.

ಇನ್ನೂ ತಮಾಷೆ ಏನೆಂದರೆ, ಆ ಎರಡರಲ್ಲಿ ವಿತ್‌ನ ಹಳೇ ಅರ್ಥ ಜಪಾನಿನವರ ಕಡೆಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವಿತ್ ಅಂದರೆ ಎದುರು, ವಿರುದ್ಧ. ಜೊತೆ ಅನ್ನುವುದಕ್ಕೆ ಬೇರೆ ಮಾತೇ ಇತ್ತು: ಮಿಡ್. ಜರ್ಮನ್ನಿನಲ್ಲಿ ಈಗಲೂ ಜೊತೆಗೆ ಮಿಟ್ ಅಂತಾರೆ, ಅದು ಇದರದೇ ದಾಯಾದಿ. ನಮ್ಮ ಕಿಟ್ಟೆಲ್ ಇದ್ದರಲ್ಲ, ಮಡಿಕೇರಿಯಲ್ಲೂ ಮಂಗಳೂರಲ್ಲೂ ಧಾರವಾಡದಲ್ಲೂ ಓಡಾಡಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು, ಅವರ ಮನೆಮಾತಿನಲ್ಲಿ ಜೊತೆ ಅಂದರೆ ಮಿಟ್. ಇಂಗ್ಲಿಷಿನವರು ಮಾತ್ರ ಮಿಡ್ಡನ್ನು ಕೈಬಿಟ್ಟರು. ವಿತ್ ಸ್ವಲ್ಪ ಸ್ವಲ್ಪವಾಗಿ ಅದರ ಜಾಗಕ್ಕೆ ಬಂದು ಕೂತಿತು. 14ನೇ ಶತಮಾನ ಮುಗಿಯುವ ಹೊತ್ತಿಗೆ ಮಿಡ್ ಹೆಚ್ಚುಕಡಿಮೆ ಮರೆಯಾಗಿತ್ತು. ಒಂದೇ ಒಂದು ಕಡೆ ಗಟ್ಟಿಯಾಗಿ ಉಳಿದಿದೆ: ಮಿಡ್‌ವೈಫ್. ನಾನು ಬಹಳ ವರ್ಷ ಅದನ್ನು 'ನಡುವಿನ ಹೆಂಡತಿ' ಅಂದುಕೊಂಡು ಒಳಗೊಳಗೇ ನಕ್ಕಿದ್ದೆ. ವೈಫ್ ಅಂದರೆ ಆಗ ಬರೀ ಹೆಂಗಸು. ಮಿಡ್ ಅಂದರೆ ಜೊತೆ. ಹೆರುವವಳ ಜೊತೆ ಇರುವ ಹೆಂಗಸು. ಸೂಲಗಿತ್ತಿ.

ಹಳೇ ವಿತ್ ಎಲ್ಲೂ ಹೋಗಿಲ್ಲ. ನಮ್ಮ ಬಾಯಲ್ಲೇ ದಿನಾ ಓಡಾಡುತ್ತಿದೆ. ಎಟಿಎಮ್ಮಿಗೆ ಹೋಗಿ ಎರಡು ಸಾವಿರ ವಿತ್‌ಡ್ರಾ ಮಾಡುತ್ತೇವೆ. ಇಲ್ಲಿ ವಿತ್ ಅಂದರೆ ಜೊತೆ ಅಲ್ಲ, ಹಿಂದಕ್ಕೆ, ಆಚೆಗೆ. ಹಿಂದಕ್ಕೆ ಎಳೆದುಕೊಂಡೆ ಅಂತ. ಮಕ್ಕಳ ರಿಸಲ್ಟ್ ವಿತ್‌ಹೆಲ್ಡ್ ಅಂತ ಬಂದರೆ ಅಪ್ಪ ಅಮ್ಮನ ಎದೆ ಒಡೆಯುತ್ತದೆ. ಅದೂ ಹಾಗೇ, ಕೊಡದೆ ಆಚೆ ಹಿಡಿದಿಟ್ಟಿದ್ದಾರೆ ಅಂತ. ವಿತ್‌ಸ್ಟ್ಯಾಂಡ್ ಅಂದರೆ ಎದುರು ನಿಲ್ಲು. ಇಪ್ಪತ್ತಾರು ವರ್ಷ ಇವನ್ನೆಲ್ಲ ಸ್ಪೆಲ್ಲಿಂಗ್ ಲಿಸ್ಟಿನಲ್ಲಿ ಬರೆಸಿದ್ದೇನೆ. ಒಳಗೆ ಕೂತವನನ್ನು ಮಾತಾಡಿಸಿರಲಿಲ್ಲ ಅಷ್ಟೇ.

ಎದುರು ಇದ್ದದ್ದು ಜೊತೆ ಆಗುವುದು ಹೇಗೆ? ಮೊದಲು ನನಗೂ ಇದು ವಿಚಿತ್ರ ಅನಿಸಿತ್ತು. ಆಮೇಲೆ ನಮ್ಮ 'ಎದುರು' ನೆನಪಾಯಿತು. ಎದುರಾಳಿ ಅಂದರೆ ಜಗಳಕ್ಕೆ ನಿಂತವನು. ಎದುರಾಡಬೇಡ ಅಂದರೆ ತಿರುಗಿ ಮಾತಾಡಬೇಡ. ಆದರೆ ಮದುವೆ ದಿಬ್ಬಣ ಬಂದಾಗ ಏನು ಮಾಡುತ್ತೇವೆ? ಎದುರುಗೊಳ್ಳುತ್ತೇವೆ. ಆರತಿ ತಟ್ಟೆ ಹಿಡಿದು, ಕಾಲಿಗೆ ನೀರು ಕೊಟ್ಟು, ಒಳಗೆ ಕರೆದುಕೊಂಡು ಬರುತ್ತೇವೆ. ಅದೇ ಎದುರು. ಎದುರು ಮನೆಯವರು ಅಂದರೆ ಸಕ್ಕರೆ ಸಾಲ ಕೇಳುವಷ್ಟು ಹತ್ತಿರದವರು, ಬೇಲಿ ವಿಷಯಕ್ಕೆ ಕೋರ್ಟಿಗೆ ಹೋಗುವಷ್ಟು ಹತ್ತಿರದವರೂ ಹೌದು. ಮುಖಕ್ಕೆ ಮುಖ ಕೊಟ್ಟು ನಿಂತಿರಬೇಕು, ಅಷ್ಟೇ. ಮಾತಾಡುವುದು, ವ್ಯಾಪಾರ ಮಾಡುವುದು, ಹೊಡೆದಾಡುವುದು ಎಲ್ಲ ಅಲ್ಲಿಂದಲೇ ಶುರು. ಇಂಗ್ಲಿಷಿನ ವಿತ್ ಕೂಡ ಅಲ್ಲೇ ಎಲ್ಲೋ ದಾಟಿಕೊಂಡಿದೆ.

ವಿತೌಟ್‌ದು ಇನ್ನೊಂದು ಕಥೆ. ಅದರ ಮೊದಲ ಅರ್ಥ 'ಹೊರಗೆ'. ವಿತಿನ್ ಅಂದರೆ ಒಳಗೆ, ವಿತೌಟ್ ಅಂದರೆ ಹೊರಗೆ. ಊರ ಗೋಡೆಯ ಹೊರಗೆ ಅನ್ನುವುದಕ್ಕೆ ಹಳೇ ಇಂಗ್ಲಿಷಿನವರು ವಿತೌಟ್ ಬಳಸುತ್ತಿದ್ದರು. ಹೊರಗಿರುವುದು ನಿಧಾನಕ್ಕೆ ಇಲ್ಲದಿರುವುದು ಆಯಿತು. ಕನ್ನಡದಲ್ಲೂ 'ಹೊರ' ಅನ್ನುವುದರಿಂದಲೇ 'ಹೊರತು' ಬಂದಿದೆ. 'ಅದರ ಹೊರತು ಬೇರೇನಿಲ್ಲ' ಅಂತ ಹೇಳುವಾಗ ಆ ವಸ್ತುವನ್ನು ಬಾಗಿಲಾಚೆ ನಿಲ್ಲಿಸಿಯೇ ಮಾತಾಡುತ್ತಿರುತ್ತೇವೆ. ನನ್ನ ಕಾಫಿಯ ಸಕ್ಕರೆ ಹಾಗೇ ಬಾಗಿಲಾಚೆ ನಿಂತಿದೆ, ಮೂರು ವರ್ಷದಿಂದ.

ಮಕ್ಕಳು ಮಾಡುವ ತಪ್ಪುಗಳಿಗೆ ಬರುತ್ತೇನೆ. ತಪ್ಪು ಅನ್ನುವುದಕ್ಕಿಂತ, ಕನ್ನಡ ಅಡಿಯಿಂದ ಇಣುಕುವುದು. 'ಐ ಕಟ್ ದ ಆ್ಯಪಲ್ ಫ್ರಮ್ ನೈಫ್' ಅಂತ ಬರೆಯುತ್ತಾರೆ. ಯಾಕೆ? ಚಾಕುವಿನಿಂದ. ಇಂದ ಅಂದರೆ ಫ್ರಮ್ ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಬಹುಶಃ ನಾನೇ. ಪಾಪ, ನಮ್ಮ 'ಇಂದ' ಒಂದೇ ಎಷ್ಟು ಕೆಲಸ ಮಾಡುತ್ತದೆ ನೋಡಿ. ಸೋಮವಾರಪೇಟೆಯಿಂದ ಬಂದ. ಕತ್ತಿಯಿಂದ ಕಡಿದ. ನಿನ್ನೆಯಿಂದ ಕರೆಂಟಿಲ್ಲ. ಮಳೆಯಿಂದ ರಸ್ತೆ ಹಾಳಾಯಿತು. ನನ್ನಿಂದ ಆಗಲ್ಲ. ಇಂಗ್ಲಿಷಿನವನಿಗೆ ಇದಕ್ಕೆಲ್ಲ ಫ್ರಮ್, ವಿತ್, ಸಿನ್ಸ್, ಬೈ ಅಂತ ಒಂದೊಂದು ಆಳು ಬೇಕು.

ಶಾಲೆಯಲ್ಲಿ ವಿಭಕ್ತಿ ಬಾಯಿಪಾಠ ಮಾಡಿದ್ದು ಎಲ್ಲರಿಗೂ ನೆನಪಿರಬೇಕು. ತೃತೀಯಾ ಇಂದ, ಪಂಚಮೀ ದೆಸೆಯಿಂದ. ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಭೂಮಿಯ ಮೇಲೆ ಯಾರಾದರೂ ಹೇಳುತ್ತಾರಾ? ನಮ್ಮ ಅಜ್ಜಿ ಮಾತ್ರ ಬಳಸುತ್ತಿದ್ದರು, ಅದೂ ಬೈಯುವಾಗ. 'ನಿನ್ನ ದೆಸೆಯಿಂದ ಹಾಲೆಲ್ಲ ಉಕ್ಕಿಹೋಯ್ತು.' 13ನೇ ಶತಮಾನದಲ್ಲಿ ಕೇಶಿರಾಜ ವ್ಯಾಕರಣ ಬರೆದಾಗ ಪಂಚಮಿಗೆ 'ಅತ್ತಣಿಂ' ಅಂತ ಬೇರೆ ಪ್ರತ್ಯಯ ಕೊಟ್ಟಿದ್ದ. ಮರದತ್ತಣಿಂ. ಅಂದರೆ ಮರದ ಕಡೆಯಿಂದ. ಅದರ ಬಾಲದಲ್ಲೂ ಅದೇ 'ಇಂ' ಇದೆ. ಎಷ್ಟು ಬೇರೆ ಮಾಡಿದರೂ ಕೊನೆಗೆ ಇಂದಕ್ಕೇ ಬರುತ್ತದೆ.

ಇನ್ನೊಂದು ಇದೆ. ಮಕ್ಕಳು 'ರೈಟ್ ಇನ್ ಪೆನ್' ಅಂತಾರೆ. ಇದು ಪುಸ್ತಕದ ಕನ್ನಡ ಅಲ್ಲ, ಮನೆ ಕನ್ನಡ. ನಾವು ಮಾತಾಡುವಾಗ ಪೆನ್ನಿನಿಂದ ಬರಿ ಅಂತ ಹೇಳುವುದೇ ಇಲ್ಲ. ಪೆನ್ನಲ್ಲಿ ಬರಿ, ಚಾಕೂಲಿ ಕೊಯ್ಯಿ, ಕೈಯಲ್ಲಿ ತಿನ್ನು. ವಿತ್ ಬರಬೇಕಾದಲ್ಲೆಲ್ಲ 'ಅಲ್ಲಿ' ಕೂತಿದೆ. ಅನ್ನ ಕೈಯೊಳಗೆ ಇದೆಯಾ, ಕೈಯ ಜೊತೆ ಇದೆಯಾ ಅಂತ ಯಾರು ಕೇಳುತ್ತಾರೆ! ಈ ತಪ್ಪನ್ನು ತಿದ್ದುವಾಗ ನನಗೆ ಪ್ರತಿ ಸಲವೂ ಸ್ವಲ್ಪ ಬೇಜಾರಾಗುತ್ತದೆ.

'ಮ್ಯಾರೀಡ್ ವಿತ್' ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲಿಷಿನಲ್ಲಿ ಮ್ಯಾರೀಡ್ ಟು. ಕನ್ನಡದಲ್ಲಿ ಮದುವೆ ಅವನ ಜೊತೆಗೇ ಆಗುವುದು. ಜಗಳವೂ ಅವನ ಜೊತೆಗೇ. ಇದರ ಮೇಲೆ ಹೇಳುವುದೇನಿಲ್ಲ.

ಕಳೆದ ವಾರ ಒಬ್ಬಳು ಬರೆದಳು: 'ಲಾಸ್ಟ್ ನೈಟ್ ವಿ ಸಾ ಆನ್ ಎಲಿಫೆಂಟ್ ವಿತ್ ಎ ಟಾರ್ಚ್.' ನಿನ್ನೆ ರಾತ್ರಿ ಅವರ ತೋಟದಲ್ಲಿ ಆನೆ. ಹಲಸಿನ ಹಣ್ಣಿನ ಕಾಲ, ಬರದೇ ಇರುತ್ತದಾ? ಟಾರ್ಚ್ ಯಾರ ಹತ್ತಿರ ಇತ್ತು ಅಂತ ಕೇಳಿದೆ. "ಅಪ್ಪನ ಹತ್ರ ಮಿಸ್." ನೀನು ಬರೆದದ್ದರ ಪ್ರಕಾರ ಆನೆಯ ಹತ್ತಿರವೂ ಇರಬಹುದು ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೊಂಡಿಲಲ್ಲಿ ಟಾರ್ಚ್ ಹಿಡಿದುಕೊಂಡು ಹಲಸಿನ ಹಣ್ಣು ಹುಡುಕುವ ಆನೆಯ ಚಿತ್ರವನ್ನು ಒಬ್ಬ ನೋಟ್ಸಿನ ಹಿಂದೆ ಬರೆದೇ ಬಿಟ್ಟ. ಚೆನ್ನಾಗಿತ್ತು.

ಅದನ್ನೇ ಕನ್ನಡದಲ್ಲಿ ಹೇಳು ಅಂದೆ. "ಟಾರ್ಚ್ ಬಿಟ್ಟು ಆನೆ ನೋಡಿದ್ವಿ." ಬಿಟ್ಟು. ಅಲ್ಲಿಗೆ ಟಾರ್ಚ್ ಯಾರ ಕೈಯಲ್ಲಿತ್ತು ಅನ್ನುವ ಪ್ರಶ್ನೆಯೇ ಇಲ್ಲ. ಕೊಡೆ ವಿತ್ ಬಂದವನು ನಮಗೆ ಕೊಡೆ ಹಿಡ್ಕೊಂಡು ಬಂದವನು. ಮಗು ವಿತ್ ಬಂದವಳು ಮಗು ಎತ್ಕೊಂಡು ಬಂದವಳು. ಕನ್ನಡ ಏನು ಮಾಡಿದೆ ಅಂತ ಹೇಳದೆ ಬಿಡುವುದಿಲ್ಲ. ಹಿಡಿದೆಯಾ, ಹೊತ್ತೆಯಾ, ಬಿಟ್ಟೆಯಾ, ಬೆರೆಸಿದೆಯಾ, ಸೇರಿದೆಯಾ? ಒಂದು ಕ್ರಿಯಾಪದ ಕೊಟ್ಟು ಮುಂದೆ ಹೋಗು ಅನ್ನುತ್ತದೆ. ವಿತ್‌ಗೆ ಆ ತಲೆಬಿಸಿ ಇಲ್ಲ. ಎರಡನ್ನು ಪಕ್ಕ ಪಕ್ಕ ಇಟ್ಟು ಸುಮ್ನೆ ನಿಲ್ಲುತ್ತದೆ. ಉಳಿದದ್ದು ನಿಮಗೆ ಬಿಟ್ಟದ್ದು.

ಕಾಫಿ ಪುಡಿ ಪ್ಯಾಕೆಟ್ಟಿನ ಮೇಲೆ ಇದನ್ನು ಚೆನ್ನಾಗಿ ನೋಡಬಹುದು. 'ಕಾಫಿ ಬ್ಲೆಂಡೆಡ್ ವಿತ್ ಚಿಕೋರಿ' ಅಂತ ಇರುತ್ತದೆ. ಅಂಗಡಿಯವರ ಬಾಯಲ್ಲಿ ಬ್ಲೆಂಡೆಡ್ ಕೂಡ ಉದುರಿ ಹೋಗಿ 'ಕಾಫಿ ವಿತ್ ಚಿಕೋರಿ' ಅಷ್ಟೇ ಉಳಿದಿದೆ. ಕೇಳಿದರೆ ಕಾಫಿಗೆ ಒಂದು ಚಿಟಿಕೆ ಚಿಕೋರಿ ಜೊತೆ ಕೊಟ್ಟ ಹಾಗೆ. ಕಾನೂನಿನ ಪ್ರಕಾರ ಅಂಥ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಚಿಕೋರಿ 49ರವರೆಗೆ ಇರಬಹುದು! ಎರಡರ ಶೇಕಡಾ ಎಷ್ಟು ಅಂತ ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು, ಬರೆದಿರುತ್ತಾರೆ ಕೂಡ. ಕನ್ನಡಕ ಹಾಕಿಕೊಂಡು ಓದಬೇಕು ಅಷ್ಟೇ. ಹೆಚ್ಚುಕಡಿಮೆ ಅರ್ಧಕ್ಕರ್ಧ ಇದ್ದರೂ ವಿತ್, ಚಿಟಿಕೆ ಇದ್ದರೂ ವಿತ್. ನಮ್ಮ ಅಪ್ಪ ಇದನ್ನು 'ಚಿಕೋರಿ ಬೆರೆಸಿದ್ದು' ಅಂತಲೇ ಹೇಳುತ್ತಿದ್ದರು. ಹಾಲಿಗೆ ನೀರು ಬೆರೆಸಿದ್ದು ಅನ್ನುವ ದನಿಯಲ್ಲೇ.

ಅತ್ತಿಗೆಯ ಹೋಂಸ್ಟೇ ಬೋರ್ಡಿನ ವಿಷಯ ಹೇಳದಿದ್ದರೆ ಅವರು ಬಿಡುವುದಿಲ್ಲ. ಭಾಗಮಂಡಲ ರಸ್ತೆಯಲ್ಲಿ ಅವರದೊಂದು ಹೋಂಸ್ಟೇ ಇದೆ. ಶುರು ಮಾಡಿದಾಗ ಬೋರ್ಡು ಬರೆದುಕೊಟ್ಟದ್ದು ನಾನು, ಇಂಗ್ಲಿಷ್ ಲೆಕ್ಚರರ್ ಅಲ್ವಾ. ರೂಮು, ಬಿಸಿನೀರು, ಪಾರ್ಕಿಂಗ್ ಎಲ್ಲ ಬರೆದು ಕೊನೆಗೆ 'ಬ್ರೇಕ್‌ಫಾಸ್ಟ್ ವಿತ್ ಫ್ಯಾಮಿಲಿ' ಅಂತ ಹಾಕಿದೆ. ಫ್ಯಾಮಿಲಿ ಸಮೇತ ಬಂದವರಿಗೆ ತಿಂಡಿಯೂ ಇದೆ ಅಂತ ನನ್ನ ತಲೆಯಲ್ಲಿ. ಮೊದಲ ವಾರವೇ ಹೊರದೇಶದ ಗಂಡ ಹೆಂಡತಿ ಬಂದರು. ಬೆಳಗ್ಗೆ ಏಳಕ್ಕೆ ಸೀದಾ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಅತ್ತಿಗೆಯ ಅತ್ತೆ, ಅಂದರೆ ನಮ್ಮ ಅವ್ವ, ಆಗಿನ್ನೂ ಒಲೆ ಮುಂದೆ ಮೈಕಾಯಿಸಿಕೊಳ್ಳುತ್ತಾ ಕೂತಿದ್ದರು. ತಲೆ ಬಾಚಿರಲಿಲ್ಲ. ಆ ಹೆಂಗಸು ಅವ್ವನ ಪಕ್ಕ ಕೂತು ಅಕ್ಕಿರೊಟ್ಟಿ ತಟ್ಟುವುದು ನೋಡಿದಳು, ತಾನೂ ಒಂದು ತಟ್ಟಿದಳು, ಹರಿದು ಹೋಯಿತು. ಅವ್ವ ನಕ್ಕು ಅದನ್ನೇ ಬೇಯಿಸಿ ಅವಳ ತಟ್ಟೆಗೆ ಹಾಕಿದರು. ಮೂರು ದಿನ ಹಾಗೇ ನಡೆಯಿತು. ಅತ್ತಿಗೆ ನನಗೆ ಫೋನ್ ಮಾಡಿ ಬೈದರು. "ನಿನ್ನ ಇಂಗ್ಲಿಷಿನಿಂದ ನನ್ನ ಅಡುಗೆಮನೆ ಹೋಯ್ತು ಮಾರಾಯ್ತಿ." ಬೋರ್ಡು ಬದಲಾಯಿಸಿದೆವು. ಅವ್ವನಿಗೆ ಬೇಜಾರಾಯಿತು.

ಜೊತೆ ಅನ್ನುವುದಕ್ಕೆ ನಮ್ಮಲ್ಲೇ ಎಷ್ಟು ಮಾತಿವೆ ಅಂತ ಆ ಬೋರ್ಡಿನ ನಂತರ ಗಮನಿಸಿದೆ. ಮೈಸೂರಿನ ಕಡೆಯವರು ಜೊತೆ ಅಂತಾರೆ. ಸುಳ್ಯ, ಪುತ್ತೂರಿನ ಕಡೆಯವರು, ಅವರ ಗಾಳಿ ಬೀಸಿದ ನಾವೂ, ಒಟ್ಟಿಗೆ ಅಂತೇವೆ. 'ಅವನ ಒಟ್ಟಿಗೆ ಹೋದೆ.' ಕಾಲೇಜಿನಲ್ಲಿ ಧಾರವಾಡದವರೊಬ್ಬರು ಇದ್ದರು, ಅವರು 'ಅವನ ಕೂಡ ಹೋಗಿದ್ದೆ' ಅನ್ನುತ್ತಿದ್ದರು. ಮೊದಮೊದಲು ನನಗೆ ಅರ್ಥವೇ ಆಗುತ್ತಿರಲಿಲ್ಲ. ಅವನೂ ಹೋದನಾ, ಇವರೂ ಹೋದರಾ? ನಮಗೆ ಕೂಡ ಅಂದರೆ 'ಸಹ' ತಾನೇ. ಕೂಡು ಅನ್ನುವ ಕ್ರಿಯೆಯಿಂದ ಅದು ಬಂದದ್ದು ಅಂತ ಆಮೇಲೆ ಹೊಳೆಯಿತು. ನಮ್ಮ ಜಿಲ್ಲೆಯಲ್ಲೇ ಕೂಡಿಗೆ ಇದೆ. ಕುಶಾಲನಗರದಿಂದ ಹಾಸನದ ಕಡೆ ಹೊರಟರೆ ಸಿಗುತ್ತದಲ್ಲ, ಅದೇ. ಹಾರಂಗಿ ಬಂದು ಕಾವೇರಿಗೆ ಸೇರುವ ಜಾಗ. ಎಷ್ಟು ಸಲ ಬಸ್ಸಿನಲ್ಲಿ ಅಲ್ಲಿ ಇಳಿದಿದ್ದೇನೆ, ಹೆಸರಿನೊಳಗೆ ಎರಡು ಹೊಳೆ ಇದೆ ಅಂತ ಗೊತ್ತಾಗಿರಲಿಲ್ಲ.

ಈಗ ಅಪ್ಪನ ವಿಷಯ. ಇಷ್ಟು ಹೊತ್ತು ಅದರ ಸುತ್ತಲೇ ತಿರುಗುತ್ತಿದ್ದೆ ಅನಿಸುತ್ತದೆ.

ಅಪ್ಪ ಒಂದು ಕಂಪನಿಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಕಥೆ ಬರೆಯುವವರಲ್ಲ. ಚೆಕ್‌ರೋಲ್ ಬರೆಯುವುದು, ಆಳುಗಳ ಹಾಜರಿ ಹಾಕುವುದು, ಎಷ್ಟು ಬುಟ್ಟಿ ಹಣ್ಣು ಬಂತು, ಕಣದಲ್ಲಿ ಎಷ್ಟು ಒಣಗಿತು, ಎಷ್ಟು ಮೂಟೆ ಹೋಯಿತು ಅಂತ ಲೆಕ್ಕ ಇಡುವುದು. 1959ರಲ್ಲಿ ಸೇರಿದರು. ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಿ ಸ್ವಲ್ಪ, ಉಳಿದದ್ದೆಲ್ಲ ಆಫೀಸಿನ ಪತ್ರಗಳಿಂದ. ಹಾಗಾಗಿ ಅವರ ಇಂಗ್ಲಿಷ್ ತುಂಬ ವಿತ್‌ಗಳೇ. ವಿತ್ ರೆಫರೆನ್ಸ್ ಟು ಯುವರ್ ಲೆಟರ್. ವಿತ್ ರಿಗಾರ್ಡ್ಸ್. ವಿತ್ ಡ್ಯೂ ರೆಸ್ಪೆಕ್ಟ್. ಈ ಕೊನೆಯದರ ಬಗ್ಗೆ ಅವರದೇ ವ್ಯಾಖ್ಯಾನ ಇತ್ತು. "ವಿತ್ ಡ್ಯೂ ರೆಸ್ಪೆಕ್ಟ್ ಅಂದ್ರೆ ಮುಂದಿನ ಸಾಲಲ್ಲಿ ಬೈಗುಳ ಇದೆ ಅಂತ." ವಿತ್‌ನ ಹಳೇ ಅರ್ಥ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

2018ರ ಆಗಸ್ಟಿನ ಮಳೆ ಕೊಡಗಿನವರು ಯಾರೂ ಮರೆಯುವುದಿಲ್ಲ. ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳೇ ಇಳಿದು ಬಂದವು. ನಮ್ಮ ಮನೆಗೆ ಏನೂ ಆಗಲಿಲ್ಲ. ರಸ್ತೆ ಮುಚ್ಚಿತ್ತು, ಕರೆಂಟು ಇರಲಿಲ್ಲ. ಅಪ್ಪನಿಗೆ ಎಂಬತ್ತು ದಾಟಿತ್ತು. ಫೋನಿನ ಚಾರ್ಜು ಉಳಿಸಿಕೊಂಡು ಕೂತಿದ್ದೆವು. ಬೆಂಗಳೂರಿನಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದೆ. "ದೊಡ್ಡಪ್ಪ, ಹೆದರ್ಬೇಡಿ, ವಿ ಆರ್ ವಿತ್ ಯು" ಅಂದ. ಒಳ್ಳೆ ಹುಡುಗ, ಮನಸ್ಸಿನಿಂದಲೇ ಹೇಳಿದ. ಅಪ್ಪ ಟಾರ್ಚನ್ನು ಬೆಳಗಿಸಿ ರೂಮಿನ ನಾಲ್ಕೂ ಮೂಲೆಗೆ ಬಿಟ್ಟು ನೋಡಿದರು. "ಎಲ್ಲಿದ್ದೀಯ? ಕಾಣ್ತಿಲ್ವಲ್ಲ" ಅಂದರು. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ ಇಬ್ಬರೂ ನಕ್ಕರು.

ಮರುವರ್ಷ ಅಪ್ಪನನ್ನು ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಕಡೆ ರೋಗಿಯ ಜೊತೆ ಇರುವವರಿಗೆ ಬೈಸ್ಟ್ಯಾಂಡರ್ ಅಂತಾರೆ. ನರ್ಸ್ ಬಂದು "ಬೈಸ್ಟ್ಯಾಂಡರ್ ಯಾರು?" ಅಂತ ಕೇಳುತ್ತಿದ್ದರು, ನಾನು ಕೈಯೆತ್ತುತ್ತಿದ್ದೆ. ಇಂಗ್ಲಿಷಿನಲ್ಲಿ ಬೈಸ್ಟ್ಯಾಂಡರ್ ಅಂದರೆ ದಾರಿಯಲ್ಲಿ ಏನೋ ನಡೆದಾಗ ದೂರ ನಿಂತು ನೋಡುವವನು, ಸಂಬಂಧ ಇಲ್ಲದವನು. ಇಲ್ಲಿ ರಾತ್ರಿಯಿಡೀ ಸ್ಟೂಲಿನ ಮೇಲೆ ಕೂತು, ಔಷಧಿ ಚೀಟಿ ಹಿಡಿದು ಮೂರು ಮಹಡಿ ಇಳಿದು ಹತ್ತುವವಳು. ಎಷ್ಟು ತಪ್ಪು ಇಂಗ್ಲಿಷ್ ಅಂತ ಅಪ್ಪನಿಗೆ ಹೇಳಿದೆ, ಹೊತ್ತು ಹೋಗಲಿ ಅಂತ. ಅವರು ಕಣ್ಣುಮುಚ್ಚಿಕೊಂಡೇ ಹೇಳಿದರು. "ಸರಿಯಾಗೇ ಇದೆ. ನೋವು ನನಗೆ. ನೀನು ನೋಡ್ತಾ ಇದ್ದೀಯ."

ಅವರು ಹೋದ ಮೇಲೆ ಪೆಟ್ಟಿಗೆ ತೆಗೆದಾಗ ಕಾಗದಗಳ ಒಂದು ಕಟ್ಟು ಸಿಕ್ಕಿತು. ಎಸ್ಟೇಟಿನ ಹಳೇ ಚೆಕ್‌ರೋಲ್ ಹಾಳೆಗಳು, ಹಿಂಬದಿ ಖಾಲಿ ಇದ್ದವು. ಅಪ್ಪ ಖಾಲಿ ಕಾಗದ ಎಸೆದವರೇ ಅಲ್ಲ. ಒಂದರ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಪತ್ರದ ಕರಡು. 1990, ರಿಟೈರ್ ಆಗುವ ತಿಂಗಳದು. ಮ್ಯಾನೇಜರಿಗೆ ಬರೆದದ್ದು, ಬಾಕಿ ಹಣ ಬೇಗ ಕೊಡಿಸಿ ಅಂತ ಕೇಳಿಕೊಂಡದ್ದು. ಎರಡನೇ ಸಾಲು, ಮೂವತ್ತೊಂದು ವರ್ಷದಿಂದ ನಾನು ಎಸ್ಟೇಟಿನಲ್ಲಿ ಇದ್ದೇನೆ ಅನ್ನುವ ಮಾತು. 'ಐ ಹ್ಯಾವ್ ಬೀನ್' ಅಂತ ಬರೆದು, ಮೊದಲು 'ಇನ್' ಹಾಕಿದ್ದಾರೆ. ಅದನ್ನು ಒಂದು ಗೆರೆ ಎಳೆದು ಹೊಡೆದಿದ್ದಾರೆ. ಮೇಲೆ 'ಅಂಡರ್' ಅಂತ ಬರೆದಿದ್ದಾರೆ. ಮನೆಯಲ್ಲಿ ಕನ್ನಡದಲ್ಲಿ ಅವರು ಯಾವಾಗಲೂ ಹೇಳುತ್ತಿದ್ದದ್ದು ಹಾಗೇ, ದೊರೆಗಳ ಕೈಕೆಳಗೆ ಇದ್ದೆ ಅಂತ. ಆ ಅಂಡರನ್ನೂ ಹೊಡೆದಿದ್ದಾರೆ, ಈ ಸಲ ಎರಡು ಗೆರೆ, ಪೆನ್ಸಿಲ್ ಸ್ವಲ್ಪ ಒತ್ತಿದೆ. ಅದರ ಮೇಲೆ ಜಾಗ ಇರಲಿಲ್ಲ. ಪಕ್ಕದ ಅಂಚಿನಲ್ಲಿ, ಬಾಣದ ಗುರುತು ಹಾಕಿ, ಸಣ್ಣದಾಗಿ 'ವಿತ್'.

ಪತ್ರ ಆಫೀಸಿನ ಟೈಪಿಸ್ಟ್ ಹತ್ತಿರ ಟೈಪ್ ಆಗಿ ಹೋಗಿರಬೇಕು. ಅದರ ಕಾಪಿ ಕಟ್ಟಿನಲ್ಲಿ ಇಲ್ಲ. ಹಣವೇನೋ ಬಂತು, ತಡವಾಗಿ.